ಏಳು ಮಾತು, ಒಂಬತ್ತು ಸಮಾಧಿ

ಬೆಳಿಗ್ಗೆ ಎಂಟು ಗಂಟೆಗೆ, ಪ್ಯಾರಿಸ್‌ನ ಒಂದು ಸಣ್ಣ ಹೋಟೆಲಿನ ತಿಂಡಿಕೋಣೆಯಲ್ಲಿ, ದೇಜೊನ್ ನಗರದಿಂದ ಬಂದ ಪ್ಯೋ ಮನೆಯ ನಾಲ್ಕು ಜನ ಒಂದು ಕಾಗದಕ್ಕೆ ಸಹಿ ಹಾಕಿದರು. ಅಂದು ಗುರುವಾರ, ಜೂನ್ ತಿಂಗಳು. ಅವರು ವಿಮಾನದಿಂದ ಇಳಿದು ಹನ್ನೊಂದು ತಾಸಾಗಿತ್ತು.

ಕಾಗದ ಬರೆದವನು ಮಗ ಪ್ಯೋ ದುಜಿನ್. ವಯಸ್ಸು ನಲವತ್ತೊಂದು, ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ನಾಳೆ ಹತ್ತರಿಂದ ಎರಡರವರೆಗೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು ಎಂಬಂಥ ಪ್ರಕಟಣೆಗಳನ್ನು ಹದಿನಾಲ್ಕು ವರ್ಷದಿಂದ ಬರೆಯುತ್ತ ಬಂದವನು. ಈ ಕಾಗದದಲ್ಲೂ ಅದೇ ಧಾಟಿ ಇತ್ತು.

ಹೆತ್ತವರನ್ನು ವಿದೇಶಕ್ಕೆ ಕರೆದೊಯ್ಯುವ ಮಕ್ಕಳು ಅವರಿಂದ ಮುಂಚೆಯೇ ಹೀಗೆ ಬರೆಸಿಕೊಳ್ಳುವುದು ಅವರ ಕಡೆ ಈಗ ಮಾಮೂಲು. ಹಿಂದಿನ ವರ್ಷ ದುಜಿನ್‌ನ ಅಕ್ಕ ಬರೆಸಿಕೊಳ್ಳದೆ ಇಬ್ಬರನ್ನೂ ವಿಯೆಟ್ನಾಮಿಗೆ ಕರೆದುಕೊಂಡು ಹೋಗಿದ್ದಳು. ಐದು ದಿನದ ಪ್ರವಾಸ ಮುಗಿಸಿ ಬಂದ ಮೇಲೆ ತಾಯಿ ಮಗಳು ಮೂರು ತಿಂಗಳು ಮಾತು ಬಿಟ್ಟಿದ್ದರು.

"ಏಳೇ ಏಳು ಮಾತು," ಎಂದು ದುಜಿನ್ ಕಾಗದವನ್ನು ಬ್ರೆಡ್ಡಿನ ಬುಟ್ಟಿಗೆ ಒರಗಿಸಿ ನಿಲ್ಲಿಸಿದ. "ಇವತ್ತು ಸೂರ್ಯ ಮುಳುಗೋವರೆಗೂ ಇವನ್ನ ಯಾರೂ ಆಡಬಾರದು. ಇನ್ನೂ ಎಷ್ಟು ದೂರ. ಇದೇನು ಇಷ್ಟು ದುಬಾರಿ. ಉಪ್ಪು ಜಾಸ್ತಿ. ಕಾಲು ನೋವು. ನೋಡೋಕೆ ಇಷ್ಟೇನಾ. ನಮ್ಮೂರಲ್ಲೇ ವಾಸಿ. ಮನೆಗೆ ಹೋಗೋಣ. ಅಷ್ಟೇ."

ಅಪ್ಪ ಕನ್ನಡಕ ಏರಿಸಿ ಎರಡು ಸಲ ಓದಿದರು. ಪ್ಯೋ ಗ್ವಾಂಗ್‌ಸಿಕ್ ಮೂವತ್ತೊಂದು ವರ್ಷ ನಗರದ ಬಸ್ಸು ಓಡಿಸಿ ನಿವೃತ್ತರಾದವರು. ಈ ಪ್ರವಾಸ ಅವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಮಗನ ಉಡುಗೊರೆ.

"ಉಡುಗೊರೆ ಜೊತೆ ಬಾಯಿಗೊಂದು ಬೀಗಾನೂ ಕೊಟ್ಟಿದ್ದೀಯಲ್ಲೋ," ಎಂದರು.

"ಅಕ್ಕನ ಪಾಡು ನೋಡಿದ್ರಲ್ಲ ಅಪ್ಪ."

"ಸರಿ, ಆಡಿದ್ರೆ ದಂಡ ಏನು?"

ದಂಡದ ಬಗ್ಗೆ ದುಜಿನ್ ಯೋಚಿಸಿಯೇ ಇರಲಿಲ್ಲ. ಆದರೆ ಅಪ್ಪ ಕೇಳಿದ ಕ್ಷಣ ಅವನ ಮನಸ್ಸು ಒಂಬತ್ತು ಸಾವಿರ ಕಿಲೋಮೀಟರ್ ಹಿಂದಕ್ಕೆ ಹಾರಿ ಗುಮ್ಸಾನ್ ಗುಡ್ಡದ ಮೇಲೆ ಇಳಿಯಿತು.

ಆ ಗುಡ್ಡದ ಓರೆಯಲ್ಲಿ ಪ್ಯೋ ಮನೆತನದ ಒಂಬತ್ತು ಸಮಾಧಿಗಳಿದ್ದವು. ಒಂದೊಂದೂ ಬೋರಲು ಹಾಕಿದ ಬೋಗುಣಿಯಂತಹ ಹುಲ್ಲುದಿಬ್ಬ. ಹಿರಿಯರನ್ನು ನೆನೆಯುವ ಚುಸೊಕ್ ಎಂಬ ಸುಗ್ಗಿಹಬ್ಬಕ್ಕೆ ಮುಂಚೆ ಮನೆಯ ಗಂಡಸರು ಹೋಗಿ ಆ ಹುಲ್ಲನ್ನು ನುಣ್ಣಗೆ ಕತ್ತರಿಸಬೇಕು. ಮೊದಲು ಆರು ಜನ ಹೋಗುತ್ತಿದ್ದರು. ಒಬ್ಬನಿಗೆ ಬೆನ್ನು, ಇನ್ನೊಬ್ಬನಿಗೆ ಮಗಳ ಪರೀಕ್ಷೆ ಎಂದು ಕಡಿಮೆಯಾಗುತ್ತ ಹಿಂದಿನ ವರ್ಷ ದುಜಿನ್ ಮತ್ತು ಅವನ ಚಿಕ್ಕಪ್ಪನ ಮಗ ಇಬ್ಬರೇ ಉಳಿದಿದ್ದರು. ನಾಲ್ಕನೆಯ ದಿಬ್ಬದ ಹತ್ತಿರ ಕಣಜದ ಹುಳುವೊಂದು ದುಜಿನ್‌ನ ಬಲಗಣ್ಣಿಗೆ ಕಚ್ಚಿ, ಮುಖ ಒಂದು ವಾರ ಹಬೆಯಲ್ಲಿ ಬೆಂದ ಬನ್ನಿನಂತಿತ್ತು. ಈಗೀಗ ದುಡ್ಡು ಕೊಟ್ಟರೆ ಆಳುಗಳೇ ಹೋಗಿ ಕತ್ತರಿಸಿ, ಮುಂಚಿನದೊಂದು ಆಮೇಲಿನದೊಂದು ಫೋಟೋ ಕಳಿಸುತ್ತಾರೆ. ಅಪ್ಪ ಮಾತ್ರ ಒಪ್ಪುತ್ತಿರಲಿಲ್ಲ. "ಅಜ್ಜನ ಕ್ಷೌರಾನ ಫೋಟೋದಲ್ಲಿ ನೋಡ್ಬೇಕಾ?" ಎನ್ನುತ್ತಿದ್ದರು.

"ದಂಡ ಅಂದ್ರೆ," ದುಜಿನ್ ಗಂಟಲು ಸರಿಮಾಡಿಕೊಂಡ, "ನೀವಿಬ್ಬರಲ್ಲಿ ಯಾರಾದ್ರೂ ಆಡಿದ್ರೆ ಈ ವರ್ಷ ಸಮಾಧಿ ಹುಲ್ಲಿಗೆ ಆಳು ಇಡೋಣ. ಬೇಡ ಅನ್ನಬಾರದು."

ಅಪ್ಪ ಗಟ್ಟಿ ಬ್ರೆಡ್ಡಿನ ಒಂದು ತುಂಡನ್ನು ಬಹಳ ಹೊತ್ತು ಅಗಿದರು.

"ಮೊದಲು ಆಡಿದವರು ಸೋತ ಹಾಗೆ," ಎಂದರು ಕೊನೆಗೆ. "ಮೊದಲು ನಾವು ಆಡಿದ್ರೆ ಆಳು. ಇಲ್ಲಾಂದ್ರೆ ಒಂಬತ್ತೂ ನೀನೊಬ್ಬನೇ. ಚಿಕ್ಕಪ್ಪನ ಮಗನ್ನ ಕರೆಯೋ ಹಾಗಿಲ್ಲ. ಬರಿ ಹಾಗಂತ. ನಾಲ್ಕೂ ಜನದ ಸಹಿ ಇರ್ಲಿ."

"ನಂದ್ಯಾಕೆ? ಪ್ರವಾಸದ ಏರ್ಪಾಡು ಮಾಡಿದವನೇ ನಾನು."

"ಡ್ರೈವರ್ ಕೂಡ ಬಸ್ಸಲ್ಲೇ ಇರ್ತಾನಪ್ಪ. ಹಾಕು."

ದುಜಿನ್ ಹಾಕಿದ. ಅವನ ಹೆಂಡತಿ ಹೇರಾನ್ ಕಾಫಿ ಲೋಟ ಕೆಳಗಿಡದೆಯೇ ಎಡಗೈಲಿ ಗೀಚಿದಳು. ಅಮ್ಮ, ಓಕ್ ಮಾಲ್‌ಸುನ್, ಸಹಿ ಹಾಕಿ, ಕೈಚೀಲದಿಂದ ಹೊಸದೊಂದು ನೋಟ್‌ಬುಕ್ ತೆಗೆದರು. ಊರಿಗೆ ಹಿಂತಿರುಗಿದ ಮೇಲೆ ಅಪಾರ್ಟ್‌ಮೆಂಟಿನ ಹಿರಿಯರ ಕೋಣೆಯಲ್ಲಿ 'ಪ್ಯಾರಿಸ್ ನಗರ: ಮೊದಲ ನೋಟ' ಎಂದು ಅವರು ಓದಬೇಕಿತ್ತು. ಆರನೇ ಮಹಡಿಯ ಯೋಮ್ ಅಕ್ಕ ಆಗಲೇ ಲಿಫ್ಟಿನೊಳಗೆ ಚೀಟಿ ಅಂಟಿಸಿಬಿಟ್ಟಿದ್ದರು.

"ಒಳ್ಳೇದು ಅಮ್ಮ. ಟೈಮ್ ಹಾಕಿ ಬರ್ಕೊಳ್ಳಿ, ಇಲ್ಲಾಂದ್ರೆ ಆಮೇಲೆ ಕಲಸಿ ಹೋಗುತ್ತೆ," ಎಂದ ದುಜಿನ್.

"ಹೂಂ ಕಣಪ್ಪ, ಹಾಗೇ ಮಾಡ್ತೀನಿ."

ಮಾಣಿ ಬಂದು ಬಿಲ್ಲು ಇಟ್ಟ. ತಿಂಡಿ ಕೋಣೆಯ ಬಾಡಿಗೆಯಲ್ಲೇ ಸೇರಿತ್ತು, ಬಾಟಲಿ ನೀರು ಸೇರಿರಲಿಲ್ಲ. ಹದಿನಾಲ್ಕು ವರ್ಷ ನೀರಿನ ಕಚೇರಿಯಲ್ಲಿ ಕೂತವನ ಎದೆಗೆ ಅದು ನಾಟಿತು. "ನೀರಿಗೆ ಆರು ಯೂರೊನಾ? ಬರೀ ನೀರು! ಇದೇನು ಇಷ್ಟು ದುಬಾರಿ, ನಮ್ಮ ಕಚೇರೀಲಿ ಇಷ್ಟಕ್ಕೆ ಒಂದು ಮನೆಗೆ ಹದಿನೈದು ದಿನ ನೀರು ಬಿಡ್ತೀವಿ," ಎಂದು ಗೊಣಗುತ್ತ ಕಾರ್ಡು ತೆಗೆದುಕೊಟ್ಟ. ಅಷ್ಟರಲ್ಲಿ ಅಮ್ಮನ ಫೋನು ಟಿಂಗ್ ಎಂದಿತು. ಪ್ಯಾರಿಸ್‌ಗಿಂತ ಏಳು ಗಂಟೆ ಮುಂದಿರುವ ದೇಜೊನ್‌ನಲ್ಲಿ ಮಧ್ಯಾಹ್ನದ ಚಹಾ ಹೊತ್ತು. ಹಿರಿಯರ ಕೋಣೆಯ ಇಪ್ಪತ್ತಮೂರು ಜನರ ಗುಂಪಿಗೆ ಅಮ್ಮ ಆಗಲೇ ಕಾಗದದ ಫೋಟೋ ಕಳಿಸಿಯಾಗಿತ್ತು.

ಯೋಮ್ ಅಕ್ಕ ಬರೆದಿದ್ದರು: "ಮಾಲ್‌ಸುನ್, ಬಾಯಿ ಕಟ್ಟಿಕೋ. ನಿನ್ನ ಮಗ ಸೋಮಾರಿ. ನಾವೆಲ್ಲ ನಿನ್ನ ಕಡೆ."

*

ಹೋಟೆಲಿನ ಮೆಟ್ಟಿಲಿಳಿಯುವಾಗ ದುಜಿನ್ ಹೆಂಡತಿಯ ಕಿವಿಯಲ್ಲಿ ಹೇಳಿದ: "ಸಂಜೆಯೊಳಗೆ ಬಾಯಿ ಬಿಡಿಸ್ತೀನಿ ನೋಡು. ಸೂರ್ಯ ಮುಳುಗೋವರೆಗೂ ಅಂತ ಬರೆದಿದ್ದೀನಲ್ಲ, ಇಲ್ಲಿ ಸೂರ್ಯ ಮುಳುಗೋದು ಒಂಬತ್ತು ಐವತ್ತಕ್ಕೆ. ಅವರು ದೇಜೊನ್ ಲೆಕ್ಕದಲ್ಲಿ ಏಳೂ ಮುಕ್ಕಾಲು ಅಂದ್ಕೊಂಡಿದ್ದಾರೆ."

"ಹೆತ್ತವರನ್ನ ಸಂತೋಷಪಡಿಸೋಕೆ ಬಂದಿರೋದಾ, ಗೋಳು ಹುಯ್ಕೊಳ್ಳೋಕಾ?" ಎಂದಳು ಹೇರಾನ್.

"ಎರಡೂ ಆಗುತ್ತೆ ಬಿಡೇ."

ಅವನ ಮೊದಲ ಅಸ್ತ್ರ ಮೆಟ್ಟಿಲು. ನಗರದ ನೆಲದಡಿಯ ರೈಲು ನಿಲ್ದಾಣಗಳಲ್ಲಿ ಅಬ್ಬೆಸ್ ಎಂಬುದು ಮೂವತ್ತಾರು ಮೀಟರ್ ಆಳದಲ್ಲಿದೆ. ಅಲ್ಲಿಂದ ಮೇಲೆ ಬರಲು ಲಿಫ್ಟು ಉಂಟು, ಸುರುಳಿ ಮೆಟ್ಟಿಲೂ ಉಂಟು. ಒಂಬತ್ತೂ ಕಾಲಿಗೆ ಅವರು ಅಲ್ಲಿ ಇಳಿದಾಗ ಲಿಫ್ಟಿನ ಬಾಗಿಲು ತೆರೆದೇ ಇತ್ತು.

"ಲಿಫ್ಟು ಬೇಡ ಅಪ್ಪ. ಗೋಡೆ ತುಂಬ ಚಿತ್ರ ಬರೆದಿದ್ದಾರೆ, ನೋಡಿಕೊಂಡು ಹತ್ತೋಣ."

ಅಪ್ಪ ಅಮ್ಮ ಹತ್ತತೊಡಗಿದರು. ದುಜಿನ್ ಒಂದು ವಿಷಯ ಮರೆತಿದ್ದ. ನಿವೃತ್ತಿಯಾದಾಗಿನಿಂದ ಇಬ್ಬರೂ ದಿನವೂ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಬೊಮುನ್ ಗುಡ್ಡ ಹತ್ತಿ, ತಲಾ ಎರಡು ಲೀಟರ್ ಒರತೆ ನೀರು ತುಂಬಿಸಿಕೊಂಡು ಇಳಿಯುತ್ತಿದ್ದರು. ಅವನೋ ಮೂರನೇ ಮಹಡಿಯ ಕಚೇರಿಗೂ ಲಿಫ್ಟು ಹಿಡಿಯುವವನು. ಜೊತೆಗೆ ಕಾಲಲ್ಲಿ ಪ್ರವಾಸಕ್ಕೆಂದೇ ಕೊಂಡ ಹೊಸ ಚರ್ಮದ ಶೂ.

ಅರವತ್ತನೆಯ ಮೆಟ್ಟಿಲಲ್ಲಿ ಅಮ್ಮ ನಿಂತರು. ದುಜಿನ್ ಕಿವಿ ನಿಮಿರಿಸಿದ.

"ಈ ಚಿತ್ರದಲ್ಲಿ ಬೆಕ್ಕು ಎಷ್ಟು ಚೆನ್ನಾಗಿದೆ ಅಲ್ವಾ," ಎಂದು ಅಮ್ಮ ಮುಂದೆ ನಡೆದರು.

ನೂರಾ ಇಪ್ಪತ್ತರ ಹೊತ್ತಿಗೆ ದುಜಿನ್‌ನ ಉಸಿರು ಹಳೆಯ ಕುಕ್ಕರಿನಂತೆ ಸೀಟಿ ಹೊಡೆಯುತ್ತಿತ್ತು. ಕಂಬಿ ಹಿಡಿದು ಅಲ್ಲೇ ಕುಸಿದ. "ಅಯ್ಯೋ, ಕಾಲು ನೋವು ಕಣೇ," ಎಂದು ಹೇರಾನ್‌ಗೆ ಹೇಳಿದ, "ಹಿಮ್ಮಡಿ ಸುಲಿದು ಹೋಗಿದೆ." ಮೇಲಿನಿಂದ ಅಪ್ಪನ ಧ್ವನಿ ಬಾವಿಯೊಳಗಿನಿಂದ ಬಂದಂತೆ ಕೇಳಿಸಿತು: "ಏನೋ ಆಯ್ತು? ಕೈ ಕೊಡ್ಲಾ?"

"ಏನಿಲ್ಲ ಅಪ್ಪ! ಚಿತ್ರ ನೋಡ್ತಿದ್ದೀವಿ!"

ಮೇಲೆ ಬಂದರೆ ಮೋಮಾರ್ತ್ರ್ ಗುಡ್ಡ. ಗುಡ್ಡದ ನೆತ್ತಿಯ ಬಿಳಿಯ ಚರ್ಚಿಗೆ ಇನ್ನೂರ ಇಪ್ಪತ್ತೆರಡು ಮೆಟ್ಟಿಲು. ಪಕ್ಕದಲ್ಲೇ ಹಳಿಯ ಮೇಲೆ ಹತ್ತುವ ಗಾಡಿ ಇತ್ತು. ಅದನ್ನು ದಿಟ್ಟಿಸಿ ನೋಡಿ, ಸಮಾಧಿಗಳನ್ನು ನೆನೆದು, ದುಜಿನ್ ಮೆಟ್ಟಿಲನ್ನೇ ತೋರಿಸಿದ. ಅಪ್ಪ ಎಣಿಸುತ್ತ ಹತ್ತಿದರು. ನೂರರ ಮೇಲೆ ಎಲ್ಲೋ ದುಜಿನ್ ಕೆಳಗಿಳಿದು ಬರುತ್ತಿದ್ದ ಒಬ್ಬ ಪ್ರವಾಸಿಯನ್ನು ತಡೆದ. ಟೋಪಿ ನೋಡಿ ತಮ್ಮ ಕಡೆಯವನೇ ಎಂದು ಗುರುತಿಸಿದ್ದ. "ಸ್ವಾಮಿ, ಇನ್ನೂ ಎಷ್ಟು ದೂರ?" ಎಂದು ಕೇಳಿದ.

"ಅರ್ಧ ಆಯ್ತು ಬಿಡಿ. ನಿಮ್ಮ ಜೊತೆ ವಯಸ್ಸಾದವರು ಇದ್ದಾರಾ?"

"ಇದ್ದಾರೆ. ಮೇಲೆ ಹೋಗಿಬಿಟ್ಟಿದ್ದಾರೆ."

ಮೇಲೆ ಹೋದವರು ಚರ್ಚಿನ ಮುಂದಿನ ಕಟ್ಟೆಯಲ್ಲಿ ಕೂತು ನಗರ ನೋಡುತ್ತಿದ್ದರು. ಬೂದು ತಗಡಿನ ಮಾಳಿಗೆಗಳು ಕಣ್ಣಿಗೆ ಕಾಣುವಷ್ಟು ದೂರ ಹರಡಿದ್ದವು. ಅಮ್ಮ ಬರೆಯುತ್ತಿದ್ದರು.

"ಹೇಗಿದೆ ಅಮ್ಮ?"

"ಚೆನ್ನಾಗಿದೆ."

"ಸ್ವಲ್ಪ ಎತ್ತರ ಜಾಸ್ತಿ ಅನ್ನಿಸ್ತಾ?"

"ಚೆನ್ನಾಗಿದೆ ಅಂದ್ನಲ್ಲಪ್ಪ. ಬೆವರು ಒರೆಸ್ಕೋ."

*

ಎರಡನೆಯ ಅಸ್ತ್ರ ಊಟ. ಹನ್ನೆರಡೂವರೆಗೆ ಗುಡ್ಡದ ಕೆಳಗಿನ ಹೋಟೆಲಿನಲ್ಲಿ ದುಜಿನ್ ನಾಲ್ಕು ಈರುಳ್ಳಿ ಸೂಪು ಹೇಳಿದ. ಇಲ್ಲಿಯ ಈರುಳ್ಳಿ ಸೂಪಿನಲ್ಲಿ ಉಪ್ಪು ಢಾಳಾಗಿರುತ್ತದೆಂದು ಅವನು ಮೂರು ಕಡೆ ಓದಿ ಖಚಿತ ಮಾಡಿಕೊಂಡಿದ್ದ. ಸೂಪಿನ ಮೇಲೆ ಕರಗಿಸಿದ ಚೀಸ್ ಕಂಬಳಿಯಂತೆ ಹೊದ್ದುಕೊಂಡಿತ್ತು.

ಅಪ್ಪ ಒಂದು ಚಮಚ ಕುಡಿದರು. ಅವರ ಎಡಹುಬ್ಬು ಅರ್ಧ ಇಂಚು ಮೇಲೇರಿತು. ದುಜಿನ್ ಉಸಿರು ಹಿಡಿದ. ಅಪ್ಪ ಚೀಲದಿಂದ ಫ್ಲಾಸ್ಕು ತೆಗೆದು, ಬೆಳಿಗ್ಗೆ ಹೋಟೆಲಿನಲ್ಲಿ ತುಂಬಿಸಿಕೊಂಡ ಬಿಸಿನೀರನ್ನು ತಮ್ಮ ಬಟ್ಟಲಿಗೂ ಅಮ್ಮನ ಬಟ್ಟಲಿಗೂ ಸುರಿದರು.

"ಚೆನ್ನಾಗಿದೆ," ಎಂದರು.

"ಅಪ್ಪ, ನೀರು ಯಾಕೆ ಹಾಕಿದ್ರಿ?"

"ಜಾಸ್ತಿ ಆಗ್ಲಿ ಅಂತ. ಚೆನ್ನಾಗಿರೋದು ಜಾಸ್ತಿ ಇದ್ರೆ ಒಳ್ಳೇದಲ್ವೇನೋ."

ಅಮ್ಮ ಪೊಟ್ಟಣ ಬಿಚ್ಚಿ ಒಣಗಿಸಿದ ಕಡಲಪಾಚಿ ಹಾಳೆಯನ್ನು ಬ್ರೆಡ್ಡಿಗೆ ಸುತ್ತಿ ಸೊಸೆಗೂ ಕೊಟ್ಟರು. ಮೂವರೂ ತೃಪ್ತಿಯಿಂದ ಉಂಡರು. ದುಜಿನ್ ಬಟ್ಟಲಿಗೆ ನೀರು ಹಾಕಿಸಿಕೊಳ್ಳಲು ಮನಸ್ಸಾಗದೆ ಇದ್ದ ಹಾಗೇ ಕುಡಿದ. ಐದನೆಯ ಚಮಚಕ್ಕೆ ನಾಲಗೆ ಮರದ ತುಂಡಾಯಿತು.

"ಏನ್ರೀ, ಮುಖ ಹಾಗ್ಯಾಕೆ ಮಾಡ್ತಿದ್ದೀರ?" ಎಂದಳು ಹೇರಾನ್.

"ಉಪ್ಪು ಜಾಸ್ತಿ. ಸಮುದ್ರ ಕುಡಿದ ಹಾಗಿದೆ. ಆ ನೀರು ಇತ್ತ ಕೊಡು."

ಅಮ್ಮ ಅತ್ತ ತಿರುಗಿ ಬರೆಯುತ್ತಿದ್ದರು. ಅಪ್ಪ ಫ್ಲಾಸ್ಕು ಅಲ್ಲಾಡಿಸಿ ತೋರಿಸಿದರು. ಖಾಲಿ. ದುಜಿನ್ ಬಾಟಲಿ ನೀರು ತರಿಸಿದ. ದಾಹ ನಿಲ್ಲದೆ ಇನ್ನೊಂದು ತರಿಸಿದ.

ಅಮ್ಮನ ಫೋನಿನಲ್ಲಿ ಯೋಮ್ ಅಕ್ಕ: "ಊಟ ಆಯ್ತಾ? ಉಪ್ಪಿನ ಮಾತು ಎತ್ತಿದ್ಯಾ?"

ಅಮ್ಮ ಬರೆದರು: "ನಾನು ಎತ್ತಲಿಲ್ಲ ಅಕ್ಕ." ಹಿಂದೆಯೇ ಇಪ್ಪತ್ತೊಂದು ಜನ ಚಪ್ಪಾಳೆಯ ಚಿತ್ರ ಕಳಿಸಿದರು.

*

ಎರಡು ಗಂಟೆಗೆ ಲೂವ್ರ್ ವಸ್ತುಸಂಗ್ರಹಾಲಯ. ಇದು ದುಜಿನ್‌ನ ಬ್ರಹ್ಮಾಸ್ತ್ರ. ಅಲ್ಲಿಯ ಜಗತ್ಪ್ರಸಿದ್ಧ ಮಂದಹಾಸದ ಹೆಂಗಸಿನ ಚಿತ್ರದ ಎತ್ತರ ಎಪ್ಪತ್ತೇಳು ಸೆಂಟಿಮೀಟರ್, ಅಗಲ ಐವತ್ತಮೂರು. ಅದನ್ನು ನೋಡಲು ನಲವತ್ತು ನಿಮಿಷ ಸಾಲು ನಿಂತವರ ಬಾಯಲ್ಲಿ ಬರುವ ಮಾತು ಲೋಕದಲ್ಲೆಲ್ಲ ಒಂದೇ. ಅದು ಪಟ್ಟಿಯಲ್ಲಿ ಐದನೆಯದು.

ಸಾಲು ನಲವತ್ತಲ್ಲ, ಐವತ್ತೈದು ನಿಮಿಷ ಹಿಡಿಯಿತು. ಆ ಹೊತ್ತಿಗೆ ದುಜಿನ್ ಎಡಗಾಲಿಗೊಮ್ಮೆ ಬಲಗಾಲಿಗೊಮ್ಮೆ ಭಾರ ಬದಲಿಸುತ್ತ ಕೊಕ್ಕರೆಯಂತಾಗಿದ್ದ. ಹಿಂದಿನಿಂದ ಸೆಲ್ಫಿ ಕೋಲೊಂದು ಅವನ ಕಿವಿಗೆ ತಿವಿಯುತ್ತಿತ್ತು. ಹಗ್ಗದ ಹತ್ತಿರ ಬಂದಾಗ ಅವನ ಮುಂದೆ ಆರಡಿಯ ಗಂಡಸೊಬ್ಬ ನಿಂತ. ಅವನ ಕಂಕುಳ ಸಂದಿಯಲ್ಲಿ, ದೂರದ ಗೋಡೆಯ ಮೇಲೆ, ಗಾಜಿನ ಹಿಂದೆ, ಅಂಚೆಚೀಟಿಯಷ್ಟು ಏನೋ ಕಂಡಿತು. ಕಾವಲಿನವಳು ಮುಂದೆ ಹೋಗಿ ಎಂದು ಕೈ ಬೀಸಿದಳು.

"ನೋಡೋಕೆ ಇಷ್ಟೇನಾ?" ದುಜಿನ್ ಹೆಚ್ಚುಕಡಿಮೆ ಕೂಗಿಯೇಬಿಟ್ಟ. "ಒಂದು ಗಂಟೆ ನಿಂತಿದ್ದಕ್ಕೆ ಇಷ್ಟೇನಾ!"

ಆಮೇಲೆ ಎಚ್ಚೆತ್ತು ಅಪ್ಪನ ಕಡೆ ಆಸೆಯಿಂದ ತಿರುಗಿದ. "ನಿಮಗೆ ಹೇಗನ್ನಿಸ್ತು ಅಪ್ಪ? ಸಣ್ಣದು ಅಲ್ವಾ?"

ಅಪ್ಪ ಕಣ್ಣು ಕಿರಿದು ಮಾಡಿ ಅಳೆದರು. "ಬಸ್ಸಿನೊಳಗಿನ ಕನ್ನಡಿಗಿಂತ ದೊಡ್ಡದೇ. ಆ ಕನ್ನಡೀಲಿ ನಾನು ಮೂವತ್ತೊಂದು ವರ್ಷ ಜನರ ಮುಖ ನೋಡಿದ್ದೀನಿ. ಇವಳು ಟಿಕೆಟ್ ತಗೊಳ್ದೆ ಕೂತವರ ಹಾಗೆ ನಗ್ತಿದ್ದಾಳೆ. ಚೆನ್ನಾಗಿದೆ."

ಅಮ್ಮ ಬಾಯಿಗೆ ಕರವಸ್ತ್ರ ಇಟ್ಟುಕೊಂಡು ನಕ್ಕರು. ಮಧ್ಯಾಹ್ನ ಕುಡಿದ ಎರಡು ಬಾಟಲಿ ನೀರು ದುಜಿನ್‌ಗೆ ತನ್ನ ಇರವನ್ನು ತಿಳಿಸತೊಡಗಿದ್ದು ಆಗಲೇ.

ಒಳಗಿನ ಶೌಚಾಲಯದ ಮುಂದೆ ಚಿತ್ರದ ಮುಂದಿದ್ದಷ್ಟೇ ಉದ್ದ ಸಾಲು ಇತ್ತು. ಹೊರಗೆ ಹೋದರೆ ಬೇಗ ಸಿಗುತ್ತದೆಂದು ಅವನು ಎಲ್ಲರನ್ನೂ ಹೊರಡಿಸಿದ. ನದಿಯ ದಂಡೆಯ ಹತ್ತಿರ ರಸ್ತೆಬದಿಯಲ್ಲಿ ತಾನೇ ತೊಳೆದುಕೊಳ್ಳುವ ಶೌಚಾಲಯವೊಂದು ಸಿಕ್ಕಿತು. ದುಡ್ಡಿಲ್ಲ. ಆದರೆ ಒಬ್ಬರು ಹೊರಬಂದ ಮೇಲೆ ಬಾಗಿಲು ಮುಚ್ಚಿಕೊಂಡು, ಒಳಗೆಲ್ಲ ನೀರು ಹರಿದು, ತೊಳೆದಾದ ಮೇಲೆಯೇ ಇನ್ನೊಬ್ಬರಿಗೆ ತೆರೆಯುತ್ತದೆ. ದುಜಿನ್‌ಗಿಂತ ಮುಂದೆ ಐದು ಜನ ಇದ್ದರು. ಐದು ಸಲವೂ ಒಳಗೆ ಜಲಪಾತದ ಸದ್ದು. ಆ ಸ್ಥಿತಿಯಲ್ಲಿ ಮನುಷ್ಯ ಕೇಳಬಾರದ ಸದ್ದು ಅದೊಂದೇ.

"ನಮ್ಮೂರಲ್ಲೇ ವಾಸಿ!" ಅವನು ಮಂಡಿ ಜೋಡಿಸಿಕೊಂಡು ಕುಣಿಯುತ್ತ ಹಲ್ಲು ಕಚ್ಚಿದ. "ದೇಜೊನ್‌ನಲ್ಲಿ ಎಲ್ಲಿ ರೈಲಿಳಿದ್ರೂ ಒಂದು ಇರುತ್ತೆ. ಹಾಡೂ ಹಾಕಿರ್ತಾರೆ!"

"ಉಸಿರು ನಿಧಾನ ಬಿಡೋ," ಎಂದರು ಅಪ್ಪ. "ಕೊನೇ ನಿಲ್ದಾಣದ ತನಕ ನಾನೂ ಎಷ್ಟು ಸಲ ತಡ್ಕೊಂಡಿದ್ದೀನಿ. ದೂರ ನೋಡು, ನೀರು ನೋಡಬೇಡ."

ನದಿ ಅವನ ಎದುರಿಗೇ ಹರಿಯುತ್ತಿತ್ತು.

*

ಆರೂವರೆಗೆ ಶೂ ಕೈಕೊಟ್ಟಿತು. ಅಂದರೆ ಹಿಮ್ಮಡಿಗಳು ಇನ್ನು ಒಳಗೆ ಹೋಗಲು ಒಪ್ಪಲಿಲ್ಲ. ಸೇತುವೆಯ ಮೇಲಿನ ಕಲ್ಲುಬೆಂಚಿನಲ್ಲಿ ಕೂತು ಅವನು ಕಾಲುಚೀಲ ಇಳಿಸಿದಾಗ ಅಮ್ಮ "ಅಯ್ಯೋ ಕಂದ" ಎಂದು, ಎರಡೂ ಕಡೆ ಪಟ್ಟಿ ಅಂಟಿಸಿ, ಕೈಚೀಲದ ತಳದಿಂದ ತಮ್ಮ ಬಚ್ಚಲಮನೆ ಚಪ್ಪಲಿ ತೆಗೆದರು. ವಿಮಾನದಲ್ಲಿ ಹಾಕಿಕೊಳ್ಳಲು ತಂದದ್ದು. ಗುಲಾಬಿ ಬಣ್ಣ, ಮೇಲೊಂದು ಮೊಲದ ಮುಖ. ದುಜಿನ್‌ನ ಹಿಮ್ಮಡಿ ಹಿಂದೆ ಮೂರು ಬೆರಳು ಆಚೆ ಉಳಿಯಿತು.

ಪ್ಯಾರಿಸ್ ಜನ ಯಾರನ್ನೂ ತಿರುಗಿ ನೋಡುವುದಿಲ್ಲ ಎಂದು ಅವನು ಓದಿದ್ದ. ಅಂದು ನೋಡಿದರು. ಒಬ್ಬ ಮುದುಕಿ ತನ್ನ ನಾಯಿಗೂ ತೋರಿಸಿದಳು. "ಹೇರಾನ್, ಇದು ಆಗೋದಲ್ಲ. ಮನೆಗೆ ಹೋಗೋಣ, ನಾಳೆ ನೋಡಿದ್ರಾಯ್ತು," ಎಂದ ಮೆಲ್ಲಗೆ.

"ಮತ್ತೆ ಸಮಾಧಿ?"

ಸಮಾಧಿ ಎಂದೊಡನೆ ಅವನು ಎದ್ದು ನಿಂತ. ಮೊಲಗಳು ಚಟಪಟ ಎಂದು ಮುಂದೆ ನಡೆದವು.

ಏಳು ಐವತ್ತಕ್ಕೆ ಅವರು ಐಫೆಲ್ ಗೋಪುರದ ಎದುರಿನ ಎತ್ತರದ ಕಟ್ಟೆ ತಲುಪಿದರು. ಬಿಸಿಲು ಇನ್ನೂ ಹೊಂಬಣ್ಣಕ್ಕೂ ತಿರುಗಿರಲಿಲ್ಲ. ಅಪ್ಪ ಕೈಗಡಿಯಾರ ನೋಡಿ, ಆಕಾಶ ನೋಡಿ, ಮತ್ತೆ ಗಡಿಯಾರ ನೋಡಿದರು.

"ಈ ಸೂರ್ಯನಿಗೇನಾಗಿದೆ?"

"ಇಲ್ಲಿ ಮುಳುಗೋದು ಒಂಬತ್ತು ಐವತ್ತಕ್ಕೆ ಅಪ್ಪ." ದಿನವಿಡೀ ಸೋತವನ ಮುಖದಲ್ಲಿ ಮೊದಲ ಸಲ ನಗೆ ಮೂಡಿತು. "ಇನ್ನೂ ಎರಡು ಗಂಟೆ ಇದೆ."

ಅಪ್ಪ ಅಮ್ಮ ಮುಖ ಮುಖ ನೋಡಿಕೊಂಡರು. ಕಟ್ಟೆಯ ಅಂಚಿನಲ್ಲಿ ಪಕ್ಕಪಕ್ಕ ಕೂತು ಗೋಪುರ ನೋಡಿದರು. ಅದು ದೊಡ್ಡದಾಗಿತ್ತು, ಕಂದು ಬಣ್ಣದ್ದಾಗಿತ್ತು. ಫೋಟೋಗಳಲ್ಲಿ ಹೇಗಿತ್ತೋ ಹಾಗೇ ಇತ್ತು. ಹೇರಾನ್ ನಾಲ್ಕು ಜನಕ್ಕೂ ತ್ರಿಕೋನ ಆಕಾರದ ಅನ್ನದುಂಡೆ ಹಂಚಿದಳು. ಊರಿನವಳೊಬ್ಬಳು ಇಲ್ಲಿ ಇಟ್ಟಿರುವ ಅಂಗಡಿಯಿಂದ ದಾರಿಯಲ್ಲಿ ತಂದದ್ದು. ಗಾಳಿ ತಣ್ಣಗಿತ್ತು. ಯಾರೋ ಅಕಾರ್ಡಿಯನ್ ಬಾರಿಸುತ್ತಿದ್ದರು. ಅಮ್ಮ ಅಪ್ಪನ ಗಲ್ಲಕ್ಕೆ ಅಂಟಿದ್ದ ಒಂದು ಅಗುಳನ್ನು ತೆಗೆದು ತಾವೇ ಬಾಯಿಗೆ ಹಾಕಿಕೊಂಡರು.

ಎಂಟು ನಲವತ್ತಕ್ಕೆ ಅಮ್ಮ ಸೆರಗಿನಂತೆ ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡು, ಕೈಚೀಲದ ಜಿಪ್ಪು ಎಳೆದು, ಸ್ಪಷ್ಟವಾದ ಧ್ವನಿಯಲ್ಲಿ ಹೇಳಿದರು:

"ಸಾಕು. ಕಾಲು ನೋವು. ಮನೆಗೆ ಹೋಗೋಣ."

ದುಜಿನ್ ಕೂತಲ್ಲಿಂದ ಚಿಮ್ಮಿದ ರಭಸಕ್ಕೆ ಬಲಗಾಲಿನ ಮೊಲ ಹಾರಿ ಮೂರು ಮೆಟ್ಟಿಲು ಕೆಳಗೆ ಬಿತ್ತು.

"ಆಡಿದ್ರು! ಎರಡು ಮಾತು! ಒಂದೇ ಉಸಿರಿಗೆ ಎರಡು!" ಒಂಟಿಕಾಲಲ್ಲಿ ಕುಣಿದ. "ಹೇರಾನ್, ನೀನು ಸಾಕ್ಷಿ! ಇನ್ನೂ ಸೂರ್ಯ ಇದ್ದಾನೆ, ನೋಡು, ಅಲ್ಲಿದ್ದಾನೆ! ಆಳು ಇಡ್ತೀನಿ! ನಾಳೆನೇ ಫೋನ್ ಮಾಡಿ ಹೇಳ್ತೀನಿ!"

ಅಕಾರ್ಡಿಯನ್‌ನವನು ತನ್ನ ಸಂಗೀತಕ್ಕೇ ಕುಣಿಯುತ್ತಿದ್ದಾನೆಂದು ತಿಳಿದು ಲಯ ಜೋರು ಮಾಡಿದ. ದುಜಿನ್ ಅಮ್ಮನ ಫೋನು ಕಸಿದು ಹಿರಿಯರ ಗುಂಪಿಗೆ ವಿಡಿಯೋ ಕರೆ ಹಚ್ಚಿದ. ದೇಜೊನ್‌ನಲ್ಲಿ ಬೆಳಗಿನ ಜಾವ ಮೂರೂ ಮುಕ್ಕಾಲು. ಮೊದಲ ಗಂಟೆಗೇ ಯೋಮ್ ಅಕ್ಕ ಎತ್ತಿದರು. ತಲೆತುಂಬ ಕರ್ಲರ್ ಸುತ್ತಿಕೊಂಡಿದ್ದರು.

"ದೊಡ್ಡಮ್ಮ, ಗೆದ್ದೆ! ಅಮ್ಮ ಆಡಿಬಿಟ್ರು!"

"ಹೌದಾ?" ಯೋಮ್ ಅಕ್ಕನ ಮುಖದಲ್ಲಿ ದುಃಖದ ಗೆರೆಯೇ ಇರಲಿಲ್ಲ. "ಮಾಲ್‌ಸುನ್, ಇನ್ನೂ ಅವನಿಗೆ ಓದಿ ಹೇಳಿಲ್ವಾ? ಪಾಪ, ಇನ್ನೆಷ್ಟು ಹೊತ್ತು ಸತಾಯಿಸ್ತೀಯೆ? ಓದು, ನಮಗೂ ಕೇಳ್ಲಿ."

ಅಮ್ಮ ನೋಟ್‌ಬುಕ್ ತೆಗೆದರು. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ 'ಪ್ಯಾರಿಸ್ ನಗರ: ಮೊದಲ ನೋಟ' ಎಂದಿತ್ತು. ಅವರು ಶಾಲೆಯ ಹುಡುಗಿಯಂತೆ ಎದ್ದು ನಿಂತು ಓದಿದರು.

"ಬೆಳಿಗ್ಗೆ ಎಂಟು ಇಪ್ಪತ್ತು. ತಿಂಡಿಕೋಣೆ. ದುಜಿನ್: ಇದೇನು ಇಷ್ಟು ದುಬಾರಿ. ಒಂಬತ್ತು ಮೂವತ್ತೆರಡು. ಸುರುಳಿ ಮೆಟ್ಟಿಲು. ದುಜಿನ್: ಕಾಲು ನೋವು. ಹತ್ತು ಹದಿನೈದು. ಚರ್ಚಿನ ದಾರಿ. ದುಜಿನ್: ಇನ್ನೂ ಎಷ್ಟು ದೂರ. ಇದು ನನಗೆ ಕೇಳಿಸಲಿಲ್ಲ, ಟೋಪಿಯವನು ಮತ್ತೆ ಮೇಲೆ ಹತ್ತಿ ಬಂದು, ನಿಮ್ಮ ಮಗನಿಗೆ ಏನೋ ಆಗಿದೆ ಅಂತ ಹೇಳಿದ."

ಫೋನಿನೊಳಗೆ ಒಬ್ಬೊಬ್ಬರಾಗಿ ಒಂಬತ್ತು ಮುಖ ಸೇರಿಕೊಂಡಿದ್ದವು.

"ಹನ್ನೆರಡು ಐವತ್ತು, ಉಪ್ಪು ಜಾಸ್ತಿ. ಮೂರು ಹತ್ತು, ನೋಡೋಕೆ ಇಷ್ಟೇನಾ, ಎರಡು ಸಲ. ನಾಲ್ಕು ಇಪ್ಪತ್ತು, ನಮ್ಮೂರಲ್ಲೇ ವಾಸಿ. ಆರು ನಲವತ್ತು, ಮನೆಗೆ ಹೋಗೋಣ. ಏಳಕ್ಕೆ ಏಳೂ ಆಯ್ತು."

ದುಜಿನ್ ಒಂದು ಕಾಲಲ್ಲಿ ಮೊಲ, ಇನ್ನೊಂದರಲ್ಲಿ ಬರೀ ಕಾಲುಚೀಲ ಹಾಕಿಕೊಂಡು ನಿಂತಿದ್ದ.

"ಮೊದಲು ಆಡಿದವರು ಸೋತ ಹಾಗೆ," ಅಪ್ಪ ಕಾಗದ ಬಿಚ್ಚಿ ತೋರಿಸಿದರು. "ಸಹಿ ಹಾಕಿ ಇಪ್ಪತ್ತು ನಿಮಿಷಕ್ಕೆ ಮುಗಿದಿತ್ತು ಕಣೋ."

"ಮತ್ತೆ... ಮತ್ತೆ ನೀವಿಬ್ಬರೂ ದಿನವಿಡೀ ಯಾಕೆ ಬಾಯಿ ಬಿಡಲಿಲ್ಲ?"

ಅಪ್ಪ ಕಾಗದ ಮಡಿಚಿ ಜೇಬಿಗಿಟ್ಟರು. "ಬಿಡೋಣ ಅಂತಿದ್ವಿ. ಆದ್ರೆ ದೂರು ಹೇಳೋ ಕೆಲಸ ನೀನೇ ವಹಿಸ್ಕೊಂಡಿದ್ದೀಯಲ್ಲ. ನಾವು ಆರಾಮಾಗಿ ಊರು ನೋಡಿದ್ವಿ. ನಿಜವಾಗ್ಲೂ ಚೆನ್ನಾಗಿದೆ."

ದುಜಿನ್ ಹೆಂಡತಿಯ ಕಡೆ ತಿರುಗಿದ. "ನಿನಗೆ ಗೊತ್ತಿತ್ತಾ?"

"ಮೊದಲನೆಯದಕ್ಕೇ ಹೇಳೋಣ ಅಂದ್ಕೊಂಡೆ ರೀ," ಎಂದಳು ಹೇರಾನ್. "ನಾಲ್ಕು ಆದ ಮೇಲೆ, ಐದನೆಯದು ಎಲ್ಲಿ ಬರುತ್ತೋ ನೋಡೋಣ ಅನ್ನಿಸ್ತು." ಅವಳು ಮೆಟ್ಟಿಲಿಳಿದು ಹೋಗಿ ಮೊಲವನ್ನು ಎತ್ತಿ ತಂದು ಕೊಟ್ಟಳು.

ರೈಲಿನಲ್ಲಿ ವಾಪಸ್ ಹೋಗುವಾಗ ಅಮ್ಮನಿಗೆ ಜೋಂಪು ಹತ್ತಿತು. ನೋಟ್‌ಬುಕ್ ಮಡಿಲಿನಿಂದ ಜಾರಿತು. ದುಜಿನ್ ಅದನ್ನು ಹಿಡಿದು, ಕೊನೆಯ ಪುಟ ತೆರೆದು ನೋಡಿದ. ಗೋಪುರದ ಎದುರು ಬರೆದದ್ದು: "ಎಂಟು ಮೂವತ್ತು. ಗೋಪುರ ದೊಡ್ಡದು. ಗಾಳಿ ಹಿತ. ಇವರು ಮದುವೆಯಾದ ವರ್ಷ ಒಮ್ಮೆ ಬಸ್ಸಿನ ಕೊನೇ ನಿಲ್ದಾಣದಲ್ಲಿ ಹೀಗೇ ಪಕ್ಕ ಕೂರಿಸ್ಕೊಂಡಿದ್ದರು. ಮಗನ ಕಾಲು ಸುಲಿದಿದೆ, ರಾತ್ರಿ ಮುಲಾಮು ಹಚ್ಚಬೇಕು. ಅವನು ಗೆದ್ದೆ ಅಂದ್ಕೊಂಡು ಒಂದು ಸಲ ಕುಣಿಯಲಿ, ಆಮೇಲೆ ಹೇಳೋಣ."

ಅವನು ಪುಸ್ತಕ ಮುಚ್ಚಿ ಅಮ್ಮನ ಚೀಲದೊಳಗಿಟ್ಟ. ಎದುರು ಸೀಟಿನ ಹುಡುಗಿ ಮೊಲಗಳನ್ನು ನೋಡಿ ನಕ್ಕಳು. ಅವನೂ ನಕ್ಕ.

*

ಹಿರಿಯರ ಕೋಣೆಯಲ್ಲಿ 'ಪ್ಯಾರಿಸ್ ನಗರ: ಮೊದಲ ನೋಟ'ವನ್ನು ಅಮ್ಮ ಎರಡು ಸಲ ಓದಬೇಕಾಯಿತು. ಎರಡನೆಯ ಸಲ ಅಪ್ಪ ಮೆಟ್ಟಿಲಿನ ಭಾಗವನ್ನು ಅಭಿನಯಿಸಿ ತೋರಿಸಿದರು.

ಸೆಪ್ಟೆಂಬರ್ ಮೊದಲ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ದುಜಿನ್ ಹುಲ್ಲು ಕತ್ತರಿಸುವ ಯಂತ್ರ ಬೆನ್ನಿಗೆ ಕಟ್ಟಿಕೊಂಡು ಗುಮ್ಸಾನ್ ಗುಡ್ಡ ಹತ್ತಿದ. ಅಪ್ಪ, ಅಮ್ಮ ಮತ್ತು ಬರಬೇಡಿ ಎಂದರೂ ಬಂದ ಯೋಮ್ ಅಕ್ಕ ಪೈನ್ ಮರದ ನೆರಳಲ್ಲಿ ಚಾಪೆ ಹಾಸಿ, ಫ್ಲಾಸ್ಕು ಬಿಚ್ಚಿ ಕೂತರು. ಈಗ ಯಾರ ಬಾಯಿಗೂ ಬೀಗ ಇರಲಿಲ್ಲ.

"ಇನ್ನೂ ಎಷ್ಟು ಉಳಿದಿದೆಯೋ?" ಎಂದು ಅಪ್ಪ ಎರಡನೆಯ ದಿಬ್ಬದಲ್ಲೇ ಕೇಳಿದರು.

"ಇಷ್ಟೇನಾ ಕತ್ತರಿಸಿದ್ದು?" ಎಂದು ಯೋಮ್ ಅಕ್ಕ ಮೂರನೆಯದರಲ್ಲಿ ಕೇಳಿದರು.

"ಈ ಅನ್ನದುಂಡೆ ಪ್ಯಾರಿಸ್‌ನದ್ದೇ ವಾಸಿಯಾಗಿತ್ತು," ಎಂದರು ಅಮ್ಮ.

ಒಂಬತ್ತನೆಯ ಸಮಾಧಿಯ ಹುಲ್ಲು ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಮುಗಿಯಿತು. ಕಣಜ ಈ ಸಲ ಎಡಗಣ್ಣಿಗೆ ಕಚ್ಚಿತು.